ದಿನದ ಮೊದಲ ಚಿತ್ರ

ಶಿವಗಂಗಾಗೆ ರಕ್ತ ಕಂಡರೆ ಅಸಹ್ಯವಾಗುವುದಿಲ್ಲ. ಇಪ್ಪತ್ತೆಂಟು ವರ್ಷ ಮನುಷ್ಯರ ಕರುಳು, ಗಡ್ಡೆ, ಗರ್ಭಕೋಶ, ಲಿವರ್ ಎಲ್ಲವನ್ನೂ ಕೂದಲಿಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡಿದ ಹೆಂಗಸಿಗೆ ರಕ್ತವೂ ಒಂದು ಬಣ್ಣ, ಅಷ್ಟೇ. ಅವಳಿಗೆ ವಾಕರಿಕೆ ತರಿಸಿದ ಸಂಗತಿ ನಡೆದದ್ದು ಅವಳ ಐವತ್ತೆರಡನೆಯ ವಯಸ್ಸಿನಲ್ಲಿ, ತಣ್ಣಗಿನ ಎ.ಸಿ. ಹಾಲ್‌ನಲ್ಲಿ, ಗುಲಾಬಿ ಹೂವಿನ ಬೊಕ್ಕೆಗಳ ನಡುವೆ. ಅಲ್ಲಿ ಒಂದು ತೊಟ್ಟು ರಕ್ತವೂ ಇರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಬಾಗಲಗುಂಟೆಯಲ್ಲಿ. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೂಲ್ ಗ್ರೈಂಡರ್. ಲೇತ್ ಯಂತ್ರದ ಅಲಗುಗಳನ್ನು ಸಾಣೆ ಹಿಡಿಯುವುದೇ ಅವನ ಕೆಲಸ. ಭಾನುವಾರ ಮನೆಯ ಕತ್ತಿ, ಕುಡುಗೋಲುಗಳನ್ನೂ ಮುಂದೆ ಹಾಕಿಕೊಂಡು ಕೂರುತ್ತಿದ್ದ. "ಅಲಗಲ್ಲಿ ಮುಕ್ಕಿದ್ರೆ ಕೊಯ್ದಿದ್ರಲ್ಲೂ ಗೀರಿರ್ತದೆ, ನೋಡ್ಕೊ" ಎಂದು ಮಗಳಿಗೆ ಬೆಳಕಿಗೆ ಹಿಡಿದು ತೋರಿಸುತ್ತಿದ್ದ. ಮಗಳು ಬಿ.ಎಸ್ಸಿ. ಮುಗಿಸಿ ಆಸ್ಪತ್ರೆಯ ಲ್ಯಾಬ್ ಸೇರಿದಾಗ ಅಲ್ಲಿನ ಹಿರಿಯರಿಗೆ ಆಶ್ಚರ್ಯವಾದದ್ದು ಅವಳ ಓದಿನಿಂದಲ್ಲ, ಅಲಗಿನ ಮೇಲಿನ ಅವಳ ಹಿಡಿತದಿಂದ. ಜಿಗಣಿಗೆ ಸೊಸೆಯಾಗಿ ಬಂದಳು. ಗಂಡ ಬೇಗ ಹೋದ. ಅತ್ತೆ ಚಿಕ್ಕಮುನಿಯಮ್ಮ ಉಳಿದರು, ಜೊತೆಗೆ ಒಂದು ಕಾಲದ ರಾಗಿ ಹೊಲದಲ್ಲಿ ಕಟ್ಟಿಸಿದ ಆರು ಬಾಡಿಗೆ ಮನೆಗಳೂ. ಎದುರಿಗೆ ಕೈಗಾರಿಕಾ ಪ್ರದೇಶದ ಚರಂಡಿ. ಅದರ ನೀರಿಗೆ ವಾರಕ್ಕೊಂದು ಬಣ್ಣ.

ಆ ಪ್ರದೇಶದಲ್ಲೇ, ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ಔಷಧ ಸಂಶೋಧನೆಯ ಕಂಪನಿಯೊಂದಿತ್ತು. ಶಿವಗಂಗಾ ಅಲ್ಲಿ ಸೇರಿ ಒಂಬತ್ತು ವರ್ಷವಾಗಿತ್ತು. ನಾಲ್ಕು ವರ್ಷದ ಹಿಂದೆ ಅಲ್ಲಿಗೆ ಒಂದು ದೊಡ್ಡ ಸೂಕ್ಷ್ಮದರ್ಶಕ ಬಂತು. ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ತುಣುಕಿಗೆ ಬಣ್ಣ ಹಾಕಬೇಕು. ಇದಕ್ಕೆ ಬೇಕಿಲ್ಲ. ಕೆಂಪಿನಾಚೆಯ, ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಇದು ಒಂದೇ ಸಮನೆ ಸುರಿಸದೆ, ಸೆಕೆಂಡಿಗೆ ಎಂಟು ಕೋಟಿ ಪುಟ್ಟ ಹೊಡೆತಗಳಾಗಿ ಹೊಡೆಯುತ್ತದೆ. ಒಂದೊಂದು ಹೊಡೆತದಲ್ಲೂ ಬೆಳಕಿನ ಕಣಗಳು ಎಷ್ಟು ಒತ್ತಾಗಿರುತ್ತವೆಂದರೆ, ಮಸೂರ ಅವನ್ನು ಕೂಡಿಸುವ ಆ ಒಂದು ಬಿಂದುವಿನಲ್ಲಿ ಎರಡೆರಡು ಕಣ ಒಟ್ಟಿಗೇ ಬಂದು ತಗಲುತ್ತವೆ. ಅಲ್ಲಿ ಕೊಲ್ಲಾಜನ್ ಎಂಬ ನಾರು ಇದ್ದರೆ ಆ ಎರಡನ್ನೂ ಕೂಡಿಸಿ ಒಂದು ಮಾಡಿ, ನೀಲಿ ಬೆಳಕಾಗಿ ಹೊರಬಿಡುತ್ತದೆ. ಗಾಯ ಮಾಯ್ದ ಜಾಗದಲ್ಲಿ ಗಟ್ಟಿ ಕಲೆಯಾಗಿ ಉಳಿಯುವುದು ಇದೇ ನಾರು. ಕಾಯಿಲೆ ಬಿದ್ದ ಲಿವರ್‌ನಲ್ಲಿ ಅದು ಜೇಡರ ಬಲೆಯಂತೆ ಹಬ್ಬಿರುತ್ತದೆ, ಆರೋಗ್ಯವಾದ ಲಿವರ್‌ನಲ್ಲಿ ಅಲ್ಲೊಂದು ಇಲ್ಲೊಂದು ಎಳೆ. ಇನ್ನು ಕೆಲವು ವಸ್ತುಗಳು ಎರಡು ಕಣಗಳನ್ನು ಒಟ್ಟಿಗೆ ನುಂಗಿ ಹಸಿರಾಗಿಯೋ ಹಳದಿಯಾಗಿಯೋ ಹೊಳೆಯುತ್ತವೆ. ಅವು ಇನ್ನೊಂದು ಪರದೆಯಲ್ಲಿ ಕಾಣುತ್ತವೆ. ಶಿವಗಂಗಾ ಇದನ್ನೆಲ್ಲ ಯಾರ ಬಾಯಿಂದಲೂ ಕೇಳಿ ಕಲಿಯಲಿಲ್ಲ, ಯಂತ್ರದ ಜೊತೆ ಬಂದ ದಪ್ಪ ಪುಸ್ತಕವನ್ನು ಓದಿ ಕಲಿತಳು. ಆ ಪುಸ್ತಕವನ್ನು ಪೂರ್ತಿ ಓದಿದವಳು ಕಂಪನಿಯಲ್ಲಿ ಅವಳೊಬ್ಬಳೇ.

ಅಂಥ ಯಂತ್ರವನ್ನು ಪ್ರತಿ ಸೋಮವಾರ ಸರಿಹೊಂದಿಸಬೇಕು. ಅದಕ್ಕೆ ಕೊಲ್ಲಾಜನ್ ಚೆನ್ನಾಗಿರುವ ಒಂದು ತುಣುಕು ಬೇಕು. ಶಿವಗಂಗಾ ಭಾನುವಾರ ಭರಮಪ್ಪನ ಮಟನ್ ಅಂಗಡಿಯಲ್ಲಿ ಮನೆಗೆ ಬಾಡು ಕೊಳ್ಳುವಾಗ ಅಂಗೈಯಷ್ಟು ಮೇಕೆಯ ಲಿವರನ್ನೂ ಕಟ್ಟಿಸಿಕೊಳ್ಳುತ್ತಿದ್ದಳು. ಲಿವರ್‌ನ ಮೇಲಿನ ತೆಳು ಸಿಪ್ಪೆ ತುಂಬ ನಾರೇ. ಆ ಅಂಚನ್ನು ಸೇರಿಸಿ ಒಂದು ಚೌಕ ಕತ್ತರಿಸಿ, ಬಿಳಿ ಜೆಲ್ಲಿನಲ್ಲಿ ಹೆಪ್ಪುಗಟ್ಟಿಸಿ, ಕೊಯ್ದು ಯಂತ್ರಕ್ಕಿಟ್ಟರೆ ನೀಲಿ ಗೆರೆ ಥಳಥಳ ಹೊಳೆಯುತ್ತಿತ್ತು. ಯಂತ್ರ ಸರಿಯಿದೆ ಎಂದರ್ಥ. ಆಮೇಲೆ ರೋಗಿಗಳ ಸ್ಲೈಡುಗಳು.

ಒಂದು ತೊಡಕಿತ್ತು. ರಾತ್ರಿ ಮನೆಯ ಫ್ರಿಜ್ಜಿನಲ್ಲಿರುವ ಆ ಲಿವರ್‌ಗೆ ಚಿಕ್ಕಮುನಿಯಮ್ಮ ತಪ್ಪದೆ ಅರಿಶಿನ ಸವರುತ್ತಿದ್ದರು.

"ಅತ್ತೆ, ಇದು ತಿನ್ನೋಕಲ್ಲ, ಕಂಪನಿಗೆ ಅಂತ ಎಷ್ಟು ಸಲ ಹೇಳ್ಲಿ?"

"ತಿಂತೀಯೋ ಪೂಜೆ ಮಾಡ್ತೀಯೋ ನಂಗೇನೇ. ಅರಿಸ್ನ ಮುಟ್ಟಿಸ್ದೆ ಅಸಿ ಮಾಂಸ ಮನೇಲಿ ಮಡಗ್ತಾರಾ ಯಾರಾದ್ರೂ? ಗಾಳಿ ಸೋಕ್ತದೆ."

"ಫ್ರಿಜ್ಜಲ್ಲಿ ಯಾವ ಗಾಳಿ ಅತ್ತೆ?"

"ಬಾಗ್ಲು ತೆಗ್ದಾಗ ನುಗ್ಗೋದು. ಓದಿದೋಳಂತೆ, ಓದಿದೋಳು."

ಬೆಳಿಗ್ಗೆ ತೊಳೆದರೂ ಅರಿಶಿನ ನೀರಿಗೆ ಹೋಗುವ ಬಣ್ಣವಲ್ಲ. ಯಂತ್ರದ ಎರಡನೆಯ ಪರದೆಯಲ್ಲಿ ಆ ಅಂಚು ಹಸಿರು ಹಳದಿಯಾಗಿ ಹೊಳೆಯುತ್ತಿತ್ತು. ಮೊದಲ ಸಲ ಕಂಡಾಗ ಬೈದುಕೊಂಡಳು. ಆಮೇಲೆ ಆ ಪರದೆಯನ್ನೂ ಅದರಲ್ಲೇ ಸರಿಹೊಂದಿಸತೊಡಗಿದಳು. ಅತ್ತೆಯ ಹಟದಿಂದ ಒಂದು ಉಪಯೋಗವಾದದ್ದು ಅದೇ ಮೊದಲು.

ಹೀಗೆ ಸೋಮವಾರದ ಮೊದಲ ಚಿತ್ರ ಯಾವಾಗಲೂ ಮೇಕೆಯದು. ಇದು ಲ್ಯಾಬ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಶಿವಗಂಗಾ ನಂಬಿದ್ದಳು.

ಕಂಪನಿ ಆಗ ಲಿವರ್‌ನ ಕಲೆ ಕರಗಿಸುವುದೆಂಬ ಹೊಸ ಗುಳಿಗೆಯೊಂದನ್ನು ಹನ್ನೆರಡು ರೋಗಿಗಳ ಮೇಲೆ ಪರೀಕ್ಷಿಸುತ್ತಿತ್ತು. ಫಲಿತಾಂಶ ಚೆನ್ನಾಗಿದೆ ಎಂದು ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳ ಮೇಲಿನ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಹೊರಗಿನವರ ಸಮಿತಿ, ಒಪ್ಪಿದರೆ ಇನ್ನೂ ಇನ್ನೂರು ಜನಕ್ಕೆ ಗುಳಿಗೆ ಹೋಗುತ್ತಿತ್ತು. ಕಮಿಟಿ ಬರುವ ವಾರದ ಸೋಮವಾರ ಕಂಪನಿಯ ಮುಖ್ಯಸ್ಥ ಡಾಕ್ಟರ್ ದೇವರಾಜ್ ಹಾಲ್‌ನಲ್ಲಿ ಒಂದು ಸಮಾರಂಭ ಇಟ್ಟ. ವೇದಿಕೆಯ ಮೇಲೆ ಸಿದ್ದರಾಜು ಎಂಬ ರೋಗಿಯನ್ನು ಕೂರಿಸಿದ್ದರು. ಬಾಗಲಗುಂಟೆಯವನು, ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಕೆಲಸ, ನಲವತ್ತು ದಾಟಿದ ವಯಸ್ಸು, ಹಳೆಯ ಸೋಂಕಿನಿಂದ ಕೆಟ್ಟ ಲಿವರ್. ತಲೆಗೆ ಮೈಸೂರು ಪೇಟ, ಹೆಗಲಿಗೆ ಜರಿ ಶಾಲು. ಹಳದಿಗಟ್ಟಿದ ಕಣ್ಣಿನಲ್ಲಿ ಅವನು ಮದುವೆಗೆ ಕೂರಿಸಿದ ಗಂಡಿನಂತೆ ನಾಚಿಕೊಂಡು ನಗುತ್ತಿದ್ದ.

"ಇದು ಮೊದಲು" ಎಂದ ದೇವರಾಜ್. ಪರದೆಯ ಮೇಲೆ ನೀಲಿ ಬಲೆ.

"ಇದು ಆರು ತಿಂಗಳ ನಂತರ." ಬಲೆ ಮಾಯ. ಕಪ್ಪು ನೆಲದಲ್ಲಿ ಅಲ್ಲೊಂದು ಇಲ್ಲೊಂದು ಎಳೆ, ಅಂಚಿಗೆ ಒಂದು ನೀಲಿ ಗೆರೆ, ಗೆರೆಯುದ್ದಕ್ಕೂ ಹಸಿರು ಹಳದಿಯ ಝಗಮಗ.

"ಈ ಹೊಳಪು ನೋಡಿ. ಜಗತ್ತಿನಲ್ಲಿ ಯಾರೂ ಕಂಡಿಲ್ಲದ್ದು. ಸತ್ತಿದ್ದ ಲಿವರ್‌ನಲ್ಲಿ ಹೊಸ ಜೀವಕೋಶಗಳು ಎಚ್ಚರಗೊಳ್ತಾ ಇವೆ. ನಾವು ಇದಕ್ಕೆ 'ಉದಯ ಅಂಚು' ಅಂತ ಹೆಸರಿಟ್ಟಿದ್ದೀವಿ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಶಿವಗಂಗಾಳ ಹೊಟ್ಟೆಯಲ್ಲಿ ಬೆಳಗಿನ ಉಪ್ಪಿಟ್ಟು ಮೇಲಕ್ಕೆ ಬಂತು. ಚಿತ್ರದ ಎಡಗಡೆ ಮೇಲಿನಿಂದ ಕೆಳಗೆ ಒಂದು ಸಣ್ಣ ಗೀರಿತ್ತು. ಆ ಗೀರು ಅವಳಿಗೆ ಗೊತ್ತು. ಜೂನ್‌ನಲ್ಲಿ ಒಂದು ಅಲಗಿಗೆ ಮುಕ್ಕು ಬಿದ್ದಿತ್ತು, ಮೇಕೆಯ ತುಣುಕು ಕೊಯ್ದ ಕೂಡಲೇ ಗೀರು ಕಂಡು ಅಲಗು ಬದಲಾಯಿಸಿ ಸಿದ್ದರಾಜುವಿನ ತುಣುಕು ಕೊಯ್ದಿದ್ದಳು. ಸಿದ್ದರಾಜುವಿನ ಸ್ಲೈಡನ್ನೂ ಕಣ್ಣಾರೆ ನೋಡಿದ್ದಳು. ಅದರಲ್ಲಿ ಬಲೆ ಕರಗಿರಲಿಲ್ಲ, ಹಗ್ಗದಷ್ಟು ದಪ್ಪವಾಗಿತ್ತು.

ಚಿತ್ರಗಳನ್ನು ಜೋಡಿಸಿದವಳು ಲಾವಣ್ಯ, ಪಿಎಚ್.ಡಿ. ಮುಗಿಸಿ ಹೊಸದಾಗಿ ಸೇರಿದ್ದ ವಿಜ್ಞಾನಿ. ಶಿವಗಂಗಾ ಅವಳನ್ನು ಕಾರಿಡಾರಿನಲ್ಲಿ ಹಿಡಿದಳು.

"ಲಾವಣ್ಯಾ, ಆ ಎರಡನೇ ಚಿತ್ರ ಎಲ್ಲಿಂದ ತಗೊಂಡೆ?"

"ಆ ದಿನದ ಫೋಲ್ಡರಿಂದ ಅಕ್ಕ. ಫಸ್ಟ್ ಫೈಲ್. ಯಾಕೆ?"

"ಫಸ್ಟ್ ಫೈಲ್ ಮೇಕೆದು ಕಣಮ್ಮ."

"ಯಾವ ಮೇಕೆ?"

"ಭರಮಪ್ಪನ ಅಂಗಡಿ ಮೇಕೆ. ಉದಯ ಅಂಚು ನಮ್ಮತ್ತೆ ಸವರಿದ ಅರಿಶಿನ."

ಲಾವಣ್ಯಳ ಮುಖ ಬಿಳಿಚಿತು. ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಅಕ್ಕ, ನಾನು ಇದನ್ನ ಪೇಪರಿಗೂ ಕಳಿಸಿದ್ದೀನಿ." ಇಬ್ಬರೂ ದೇವರಾಜ್‌ನ ಕೋಣೆಗೆ ಹೋದರು. ಇಲ್ಲಿಯವರೆಗೆ ಅದು ತಪ್ಪು. ಕಲಿತವರೂ ಮಾಡುವ ತಪ್ಪು.

ದೇವರಾಜ್ ಪೂರ್ತಿ ಕೇಳಿಸಿಕೊಂಡ. ಅವನಿಗೂ ನಗು ಬಂತು, ಅವನದು ಅರ್ಧಕ್ಕೆ ನಿಲ್ಲಲಿಲ್ಲ.

"ಅರಿಶಿನಾನಾ! ಸಕ್ಕತ್ತಾಗಿದೆ ಮೇಡಂ. ಆದ್ರೆ ಈಗ ಬದಲಾಯಿಸೋಕೆ ಆಗಲ್ಲ."

"ಯಾಕೆ ಆಗಲ್ಲ? ಸಿದ್ದರಾಜು ಅವರ ಚಿತ್ರ ಅದೇ ಫೋಲ್ಡರಲ್ಲಿದೆ, ಎರಡನೇದು."

"ನೋಡಿದೀನಿ. ಚೆನ್ನಾಗಿಲ್ಲ ಅದು."

ನೋಡಿದ್ದಾನೆ! ಶಿವಗಂಗಾ ಅವನ ಮುಖವನ್ನೇ ದಿಟ್ಟಿಸಿದಳು. ನುಣ್ಣಗೆ ಕ್ಷೌರ ಮಾಡಿದ, ಒಳ್ಳೆಯ ಸುವಾಸನೆಯ ಮುಖ. ಚರಂಡಿಯಲ್ಲಿ ಊದಿಕೊಂಡು ತೇಲುವ ನಾಯಿಯನ್ನು ಮೂಗು ಮುಚ್ಚದೆ ದಾಟಿದ್ದವಳಿಗೆ ಆ ಸುವಾಸನೆ ಸಹಿಸಲಾಗಲಿಲ್ಲ.

"ಗುರುವಾರ ಕಮಿಟಿ ಬರುತ್ತೆ" ಎಂದ ಅವನು, ಸ್ಲೈಡುಗಳ ಪ್ರಮಾಣಪತ್ರವನ್ನು ಮೇಜಿನ ಮೇಲೆ ತಳ್ಳುತ್ತ. "ಎಲ್ಲ ಸ್ಲೈಡೂ ರೋಗಿಗಳದ್ದೇ ಅಂತ ಕೊಯ್ದವರು ಸಹಿ ಹಾಕಬೇಕು. ನಿಮ್ಮ ಸಹಿಗೆ ಬೆಲೆ ಇದೆ ಮೇಡಂ. ಇಷ್ಟು ವರ್ಷ ಒಂದು ಸ್ಲೈಡೂ ತಪ್ಪಿಲ್ಲ ನೀವು."

"ಅದಕ್ಕೇ ಹಾಕಲ್ಲ."

"ಮೇಕೆ ಲಿವರ್ ಅಂತ ಯಾರಿಗೆ ಗೊತ್ತಾಗುತ್ತೆ? ಯೋಚನೆ ಮಾಡಿ. ಲಾವಣ್ಯ ಯೋಚನೆ ಮಾಡಿದಾರೆ. ಅಲ್ವಾ ಲಾವಣ್ಯ?"

ಲಾವಣ್ಯ ನೆಲ ನೋಡುತ್ತ ಹೌದೆಂದು ತಲೆಯಾಡಿಸಿದಳು.

ಸಂಜೆ ಬಸ್ ನಿಲ್ದಾಣದಲ್ಲಿ ಸಿದ್ದರಾಜು ಶಾಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ನಿಂತಿದ್ದ. ಬಾಗಲಗುಂಟೆಯವಳೆಂದು ಅವನಿಗೆ ಅವಳ ಗುರುತಿತ್ತು.

"ಅಕ್ಕಾ, ನೋಡಿ." ಫೋನ್ ತೆರೆದ. ಪರದೆಯ ತುಂಬ ಉದಯ ಅಂಚು. "ನನ್ ಲಿವರ್! ದೇವರ ಫೋಟೊ ತೆಗ್ದು ಇದನ್ನ ಹಾಕ್ಕೊಂಡಿದೀನಿ. ಮನೆಯವಳು ಕೈ ಮುಗೀತಾಳೆ."

"ಸೋಂಕಿಗೆ ದೊಡ್ಡಾಸ್ಪತ್ರೇಲಿ ಕೊಟ್ಟ ಗುಳಿಗೆ ತಗೋತಿದೀಯಾ?"

"ಅದು ಬಿಟ್ಟು ಆರು ತಿಂಗಳಾಯ್ತಲ್ಲ. ಇದರ ಜೊತೆ ಅದು ಬೇಡ ಅಂದ್ರು ಡಾಕ್ಟ್ರು. ಈಗಂತೂ ಬೇಡ್ವೇ ಬೇಡ, ವಾಸಿ ಆಯ್ತಲ್ಲ. ಆದ್ರೆ ಸುಸ್ತು ಮಾತ್ರ ಹೋಗ್ತಿಲ್ಲ ಅಕ್ಕ. ಹೊಟ್ಟೇನೂ ಸ್ವಲ್ಪ ಊದಿದೆ. ವಾಸಿ ಆಗ್ವಾಗ ಹಂಗಾಗ್ತದಂತೆ."

ಶಿವಗಂಗಾಗೆ ಉಗಿಯಬೇಕೆನಿಸಿತು. ದೇವರಾಜ್‌ನ ಮೇಲೆ, ಪೇಟದ ಮೇಲೆ, ನಾಲ್ಕು ವರ್ಷ ಮೇಕೆಯ ಚಿತ್ರವನ್ನು ರೋಗಿಗಳ ಚಿತ್ರಗಳ ಜೊತೆ ಒಂದೇ ಫೋಲ್ಡರಿನಲ್ಲಿಟ್ಟ ತನ್ನ ಮೇಲೆ.

"ಅದು ನಿನ್ನ ಲಿವರ್ ಅಲ್ಲ. ಮೇಕೇದು" ಎಂದಳು. ಬೇರೆ ದಾರಿ ಅವಳಿಗೆ ತಿಳಿಯಲಿಲ್ಲ.

ಅವನು ನಕ್ಕ. "ತಮಾಷೆ ಮಾಡ್ತೀರಾ."

"ನಾನೇ ಕೊಯ್ದದ್ದು. ನಾಳೆನೇ ದೊಡ್ಡಾಸ್ಪತ್ರೆಗೆ ಹೋಗು."

ಅವನ ನಗು ಹೋಯಿತು. "ನೀವು ಕೊಯ್ಯೋರು. ಅವರು ಡಾಕ್ಟ್ರು. ಅವರ ಮಾತು ಬಿಟ್ಟು ನಿಮ್ಮ ಮಾತು ಕೇಳ್ಬೇಕಾ ನಾನು?" ಬಸ್ ಬಂತು. ಅವನು ತಿರುಗಿ ನೋಡದೆ ಹತ್ತಿದ.

ಅವನು ನಂಬಬೇಕಾದರೆ ಡಾಕ್ಟರುಗಳೇ ಹೇಳಬೇಕು. ಡಾಕ್ಟರುಗಳು ಗುರುವಾರ ಬರುವವರಿದ್ದರು.

ಮಂಗಳವಾರ ಫ್ರೀಜರ್ ತೆರೆದಾಗ ಜೂನ್‌ನ ಮೇಕೆಯ ಡಬ್ಬಿ ಇರಲಿಲ್ಲ. ಕೊಯ್ದು ಮಿಕ್ಕ ಹೆಪ್ಪನ್ನು ಹಾಕಿ ಅವಳು ಪೆನ್ಸಿಲಿನಲ್ಲಿ 'ಮೇಕೆ, ಸೋಮವಾರ' ಎಂದು ಬರೆದಿಟ್ಟಿದ್ದ ಡಬ್ಬಿ. ಅದರ ಜಾಗದಲ್ಲಿ ಹೊಸ ಡಬ್ಬಿ, ಅದರ ಮೇಲೆ ಸಿದ್ದರಾಜುವಿನ ಹೆಸರು, ನಂಬರು ಅಚ್ಚಾದ ಚೀಟಿ. ಒಳಗಿನ ಬಿಳಿ ಹೆಪ್ಪಿನ ಮೇಲೆ ಅದೇ ಮುಕ್ಕಿನ ಗೀರು. ಸಿದ್ದರಾಜುವಿನ ನಿಜವಾದ ತುಣುಕು ಎಲ್ಲೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಅವನ ಚಿತ್ರವೂ ಇರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಆ ಲ್ಯಾಬ್‌ನಲ್ಲಿ ಯಾವ ಕೆಲಸವೂ ನಡೆದಿರಲಿಲ್ಲ. ಉಳಿದದ್ದು ಸ್ಲೈಡೊಂದೇ. ಸ್ಲೈಡುಗಳನ್ನು ಹಳೆಯ ಆಸ್ಪತ್ರೆಯ ಅಭ್ಯಾಸದಂತೆ ಅವಳು ತನ್ನ ಮರದ ಪೆಟ್ಟಿಗೆಯಲ್ಲಿ, ಗಾಜಿನ ಮೇಲೆ ವಜ್ರದ ಮೊನೆಯಿಂದ ನಂಬರು ಕೊರೆದು ಇಡುತ್ತಿದ್ದಳು. ಆ ಪೆಟ್ಟಿಗೆ ಯಾರಿಗೂ ನೆನಪಿರಲಿಲ್ಲ.

ಆದರೆ ಸ್ಲೈಡ್ ತೋರಿಸಿದರೆ ಅವಳೇ ಅದಲು ಬದಲು ಮಾಡಿದಳು ಎನ್ನುತ್ತಾರೆ. ಡಬ್ಬಿಯಲ್ಲಿರುವುದು ಮೇಕೆಯೆಂದು ಮೊದಲು ತೋರಿಸಬೇಕಿತ್ತು. ಬುಧವಾರ ಸಂಜೆ ಚಿಕ್ಕಮುನಿಯಮ್ಮ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಬಾಡಿಗೆ ಮನೆಯ ಬಾಣಂತಿ ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಆಟೋದಲ್ಲಿ ಬಂದಿಳಿದಳು. ಮುದುಕಿ ತಟ್ಟೆಗೆ ನೀರು, ಅರಿಶಿನ ಹಾಕಿ, ತನ್ನ ಸುಣ್ಣದ ಡಬ್ಬಿಯಿಂದ ಒಂದು ಚೂರು ಸುಣ್ಣ ಕದಡಿದರು. ಹಳದಿ ನೀರು ಒಮ್ಮೆಲೇ ಕೆಂಪಾಯಿತು. ಆರತಿ ಎತ್ತಿ, ನೀರನ್ನು ರಸ್ತೆಗೆ ಚೆಲ್ಲಿದರು.

ಶಿವಗಂಗಾ ರಸ್ತೆಯ ಮೇಲಿನ ಕೆಂಪನ್ನೇ ನೋಡಿದಳು. ಅರಿಶಿನಕ್ಕೆ ಸುಣ್ಣ ತಗಲಿದರೆ ಕೆಂಪು. ಆರತಿ ತಟ್ಟೆ ಹಿಡಿದ ಯಾವ ಹೆಂಗಸಿಗೆ ಅದು ಗೊತ್ತಿಲ್ಲ?

"ಅತ್ತೆ, ನಿಮ್ಮ ಸುಣ್ಣದ ಡಬ್ಬಿ ನಾಳೆ ಒಂದಿನಕ್ಕೆ ಕೊಡಿ."

"ಯಾಕೆ, ಕಂಪ್ನಿಯೋರು ಎಲೆ ಅಡಿಕೆ ಆಕ್ತಾರಾ?"

"ಅವರ ಬಾಯಿ ಕೆಂಪು ಮಾಡಬೇಕು."

"ಅಂಗಂದ್ರೆ ತಗೊಂಡೋಗು. ಕಳೀಬ್ಯಾಡ. ನಮ್ಮತ್ತೆ ಕೊಟ್ಟಿದ್ದು."

ಗುರುವಾರ ಕಮಿಟಿಯ ಐವರು ಬಂದರು. ಪೇಟ ತೊಟ್ಟು ವೇದಿಕೆಯಲ್ಲಿ ಕೂತ ಸಿದ್ದರಾಜುವಿನ ಫೋಟೊವನ್ನು ದೇವರಾಜ್ ಅವರಿಗೆ ಮೊದಲೇ ತೋರಿಸಿದ್ದ. ಅವರಲ್ಲಿ ಶಶಿಕಲಾ ಎಂಬ ನಿವೃತ್ತ ಪ್ಯಾಥಾಲಜಿ ಡಾಕ್ಟರ್ ಒಬ್ಬರನ್ನು ಬಿಟ್ಟರೆ ಮಿಕ್ಕವರು ಗೋಡಂಬಿಯ ತಟ್ಟೆಯ ಕಡೆಗೇ ಹೆಚ್ಚು ಗಮನ ಕೊಟ್ಟಿದ್ದರು. ಸಂಪ್ರದಾಯದಂತೆ ಒಂದು ಮಾದರಿಯನ್ನು ಫ್ರೀಜರಿನಿಂದ ತೆಗೆದು ತೋರಿಸಬೇಕಿತ್ತು. "ನಮ್ಮ ಸೀನಿಯರ್ ಮೋಸ್ಟ್ ಟೆಕ್ನಿಷಿಯನ್ ತೋರಿಸ್ತಾರೆ" ಎಂದ ದೇವರಾಜ್, ಹೊರಗಿನವರ ಮುಂದೆ ಅವಳು ಸಹಿ ಹಾಕದಿರಲಾರಳು ಎಂಬ ನಂಬಿಕೆಯಲ್ಲಿ. ಸಹಿಯಿಲ್ಲದ ಪ್ರಮಾಣಪತ್ರ ಅವಳ ಮುಂದೆಯೇ ಇತ್ತು, ಪಕ್ಕದಲ್ಲಿ ಪೆನ್ನು.

ಶಿವಗಂಗಾ ಸಿದ್ದರಾಜುವಿನ ಚೀಟಿಯಿದ್ದ ಡಬ್ಬಿಯಿಂದ ಹೆಪ್ಪನ್ನು ತೆಗೆದು ಗಾಜಿನ ತಟ್ಟೆಯಲ್ಲಿಟ್ಟಳು. ಜೆಲ್ ಕರಗಿತು. ಸ್ಪಿರಿಟ್ ಅದ್ದಿದ ಬಿಳಿ ಫಿಲ್ಟರ್ ಕಾಗದದಿಂದ ತುಣುಕಿನ ಅಂಚನ್ನು ಒರೆಸಿದಳು. ಕಾಗದದ ಮೇಲೆ ಹಳದಿ ಮೂಡಿತು. ಸುಣ್ಣದ ಡಬ್ಬಿ ತೆರೆದು, ನೀರಿನಲ್ಲಿ ಕದಡಿದ ಸುಣ್ಣದ ಒಂದು ತೊಟ್ಟನ್ನು ಅದರ ಮೇಲೆ ಬಿಟ್ಟಳು.

ಕಾಗದ ಕೆಂಪಾಯಿತು.

ಮೊದಲು ಅರ್ಥವಾದದ್ದು ಶಶಿಕಲಾಗೆ. "ಅರಿಶಿನ."

"ಹೌದು ಮೇಡಂ. ಉದಯ ಅಂಚು. ಇದು ಮೇಕೆ ಲಿವರ್. ಯಂತ್ರ ಸರಿಹೊಂದಿಸೋಕೆ ನಾನೇ ತರ್ತೀನಿ, ನಮ್ಮತ್ತೆ ಅರಿಶಿನ ಸವರ್ತಾರೆ."

"ನಾನ್‌ಸೆನ್ಸ್!" ದೇವರಾಜ್ ಎದ್ದು ನಿಂತ. "ಇವರ ಕೈಯಲ್ಲೇ ಅರಿಶಿನ ಇತ್ತೇನೋ. ರೋಗಿಯ ಮಾದರಿ ಕೆಡಿಸಿದಾರೆ. ಚೀಟಿ ನೋಡಿ, ಎಸ್. ಸಿದ್ದರಾಜು, ಬಯಾಪ್ಸಿ."

ಶಶಿಕಲಾ ಕನ್ನಡಕ ಏರಿಸಿ ತಟ್ಟೆಯ ಮೇಲೆ ಬಾಗಿದರು. "ಸೂಜಿ ಹಾಕಿ ತೆಗೆದ ಬಯಾಪ್ಸಿ ಶಾವಿಗೆ ಎಳೆಯಷ್ಟಿರುತ್ತೆ ಡಾಕ್ಟರ್. ಇದು ಮೈಸೂರ್ ಪಾಕ್ ಥರ ಇದೆ. ಇಷ್ಟು ದೊಡ್ಡ ತುಂಡು ಕೊಟ್ಟ ಮೇಲೂ ಸಿದ್ದರಾಜು ಪೇಟ ಹಾಕ್ಕೊಂಡು ಕೂತಿದ್ರಾ? ಗಟ್ಟಿ ಆಳು."

ಗೋಡಂಬಿ ಅಗಿಯುವ ಸದ್ದು ನಿಂತಿತು. ಶಿವಗಂಗಾ ಮರದ ಪೆಟ್ಟಿಗೆ ತೆರೆದು ನಂಬರು ಕೊರೆದ ಸ್ಲೈಡನ್ನು ಶಶಿಕಲಾರ ಕೈಗಿಟ್ಟಳು. "ಇದು ಅವನದ್ದು. ಶಾವಿಗೆ ಎಳೆಯಷ್ಟೇ ಇದೆ. ಯಂತ್ರದಲ್ಲಿಟ್ಟು ನೋಡಿ."

ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ನೀಲಿ ಬಲೆ ಮೂಡಿತು. ಹಗ್ಗದಷ್ಟು ದಪ್ಪದ್ದು. ಆಗ ಲಾವಣ್ಯ ಅತ್ತಳು. ಶಿವಗಂಗಾಗೆ ಆ ಅಳುವಿನ ಮೇಲೂ ಜುಗುಪ್ಸೆಯಾಯಿತು. ಸೋಮವಾರ ಅಳಬಹುದಿತ್ತು.

ಹನ್ನೆರಡು ಜನರಿಗೂ ಗುಳಿಗೆ ಅಂದೇ ನಿಂತಿತು. ಶಶಿಕಲಾ ಅಲ್ಲಿಂದಲೇ ಸಿದ್ದರಾಜುಗೆ ಫೋನ್ ಮಾಡಿ, ಮರುದಿನ ದೊಡ್ಡಾಸ್ಪತ್ರೆಗೆ ತಾವೇ ಬರುವುದಾಗಿ ಹೇಳಿದರು. ಡಾಕ್ಟರ್ ಹೇಳಿದ್ದರಿಂದ ಅವನು ನಂಬಿದ. ಹಳೆಯ ಗುಳಿಗೆ ಮತ್ತೆ ಶುರುವಾಯಿತು. ಕಳೆದುಹೋದ ಆರು ತಿಂಗಳನ್ನು ಯಾರೂ ಹಿಂದಕ್ಕೆ ಕೊಡಲಾರರು, ಆದರೆ ಇನ್ನೂ ಸಮಯವಿದೆ ಎಂದರಂತೆ. ಶಿವಗಂಗಾಗೆ ಅವನು ಥ್ಯಾಂಕ್ಸ್ ಹೇಳಲಿಲ್ಲ. ಒಂದು ಸಲ ಫೋನ್ ಮಾಡಿ, "ಆ ಫೋಟೊ ಮೇಕೇದು ಅಂತ ಮನೆಯವಳಿಗೆ ಹೇಳೋಕಾಗ್ತಿಲ್ಲ ಅಕ್ಕ, ಅವಳು ಇನ್ನೂ ಕೈ ಮುಗೀತಾಳೆ" ಎಂದ. "ಹೇಳು. ಇವತ್ತೇ ಹೇಳು" ಎಂದು ಫೋನ್ ಇಟ್ಟಳು.

ಕಂಪನಿಯ ಪ್ರಕಟಣೆಯಲ್ಲಿ ಪ್ರಯೋಗ 'ತಾಂತ್ರಿಕ ಕಾರಣಗಳಿಂದ' ನಿಂತಿದೆ ಎಂದಿತ್ತು. ದೇವರಾಜ್ ಎರಡು ತಿಂಗಳಲ್ಲಿ ವೈಟ್‌ಫೀಲ್ಡಿನ ಇನ್ನೊಂದು ಕಂಪನಿಯಲ್ಲಿ ಸಲಹೆಗಾರನಾದ. ಶಿವಗಂಗಾಗೆ ಬಂದದ್ದು ಒಂದು ನೋಟಿಸು: ಪ್ರಯೋಗಾಲಯದೊಳಗೆ ಆಹಾರ ಪದಾರ್ಥ ತಂದದ್ದಕ್ಕೆ ಮತ್ತು ಮಾದರಿಯ ಮೇಲೆ ಅನಧಿಕೃತ ರಾಸಾಯನಿಕ ಬಳಸಿದ್ದಕ್ಕೆ ಕಾರಣ ಕೊಡಿ.

ಅವಳು ಕಾರಣ ಕೊಡಲಿಲ್ಲ, ರಾಜೀನಾಮೆ ಕೊಟ್ಟಳು. ಕೊನೆಯ ದಿನ ಎಚ್.ಆರ್.ನ ನಂದೀಶ್ ಒಂದು ಕಾಗದ ಮುಂದಿಟ್ಟ.

"ತಪ್ಪು ತಿಳುವಳಿಕೆಯಿಂದ ಆಯ್ತು ಅಂತ ಒಂದು ಸಹಿ ಹಾಕ್ಬಿಡಿ ಮೇಡಂ. ಅನುಭವ ಪತ್ರ ಇವತ್ತೇ ಕೊಡ್ತೀವಿ. ಅದಿಲ್ದೆ ನಿಮಗೆ ಯಾವ ಲ್ಯಾಬಲ್ಲೂ..."

"ಅನುಭವ ಪತ್ರ ನೀವೇ ಇಟ್ಕೊಳ್ಳಿ. ನಮ್ಮತ್ತೆ ಸುಣ್ಣದ ಡಬ್ಬಿ ಕೊಡಿ."

"ಅದು ಎವಿಡೆನ್ಸ್ ಮೇಡಂ. ಸೀಲ್ ಮಾಡಿದೀವಿ."

"ಏನಕ್ಕೆ ಎವಿಡೆನ್ಸ್? ಎಲೆ ಅಡಿಕೆಗಾ?"

ಅವನು ಅತ್ತಿತ್ತ ನೋಡಿ, ಡ್ರಾಯರಿನಿಂದ ಡಬ್ಬಿ ತೆಗೆದು ಕೊಟ್ಟ. ಮೊಹರು ಹಾಕಿದ ಪ್ಲಾಸ್ಟಿಕ್ ಚೀಲ, ಮೇಲೆ ನಂಬರು, ದಿನಾಂಕ, ಮೂವರ ಸಹಿ. ಆ ಕಂಪನಿಯಲ್ಲಿ ಸರಿಯಾದ ಚೀಟಿ ಅಂಟಿಸಿದ್ದ ಮಾದರಿ ಅದೊಂದೇ ಎಂದುಕೊಳ್ಳುತ್ತ ಅವಳು ಹೊರಬಂದಳು.

ಚಿಕ್ಕಮುನಿಯಮ್ಮ ಚೀಲ ಹರಿದು, ಡಬ್ಬಿ ತೆರೆದು, ಬೆರಳಿನಿಂದ ಕೆರೆದು ನೋಡಿದರು.

"ಒಣಗ್ಸಿ ಕಲ್ಲು ಮಾಡವ್ರಲ್ಲೇ. ಓದಿದೋರ ಕೈಗೆ ಕೊಟ್ರೆ ಇಂಗೇಯ."

"ಹೌದು ಅತ್ತೆ" ಎಂದು ಶಿವಗಂಗಾ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು.